ಕಣಜದ ಗೋಡೆಯ ಹಲಗೆ

ಇಲ್ಪೊ ಕೈಹಾಕಿದ ಕೆಲಸ ಶುರುವಾಗುತ್ತಿತ್ತೇ ಹೊರತು ಮುಗಿಯುತ್ತಿರಲಿಲ್ಲ. ಸಾವೊ ಸೀಮೆಯ ಹತ್ತೂರಿಗೆ ಕರೆಂಟಿನ ಕೆಲಸ ಮಾಡಿಕೊಡುವ ಮನುಷ್ಯ, ಬೇರೆಯವರ ಮನೆಯಲ್ಲಿ ಬಲು ಅಚ್ಚುಕಟ್ಟು. ಅವನ ಸ್ವಂತ ಅಡುಗೆಮನೆಯಲ್ಲಿ ಮಾತ್ರ ಒಂಬತ್ತು ವರ್ಷದಿಂದ ಸ್ವಿಚ್ಚಿಗೆ ಮುಚ್ಚಳವಿಲ್ಲ. ಹೆಂಡತಿ ಸಿರ್ಕು ಇದಕ್ಕೆ ತದ್ವಿರುದ್ಧ. ಎಲ್ಲಿಗಾದರೂ ಹೊರಡಬೇಕೆಂದರೆ ಇಲ್ಪೊ ಎರಡನೆಯ ಕಾಲುಚೀಲ ಹುಡುಕುತ್ತಿರುವಾಗಲೇ ಅವಳು ಕಾರಿನಲ್ಲಿ ಕೂತು, ಇಂಜಿನ್ ಶುರುಮಾಡಿ, ಹಾರ್ನ್ ಒತ್ತುತ್ತಿದ್ದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಒಂದು ದಿನವೂ ಯಾವುದಕ್ಕೂ ಹಿಂದೆ ಉಳಿದವಳಲ್ಲ. ಹೋದ ವರ್ಷ ಮಾರ್ಚಿನಲ್ಲಿ, ಸರೋವರದ ಮಂಜುಗಡ್ಡೆಯ ಮೇಲೆ ಇನ್ನೂ ಜನ ನಡೆದಾಡುತ್ತಿದ್ದಾಗ, ನಲವತ್ತೇಳನೆಯ ವಯಸ್ಸಿಗೇ ಅವಸರ ಮಾಡಿಕೊಂಡು ಹೊರಟುಬಿಟ್ಟಳು.

ಅವಳು ಐದು ಬೇಸಿಗೆ ಒಂದೇ ಸಮನೆ ಕೇಳಿದ್ದು ಒಂದೇ ಒಂದು ಕೆಲಸ. ದಡದ ಸೌನಾದಲ್ಲಿ ಕೂರುವ ಜಗಲಿಗಳು ಕೊಳೆತು ಹೋಗಿವೆ, ಹೊಸದು ಮಾಡು ಎಂದು. ಒಂದು ಗುಡಿಸಲು, ಒಂದು ಒಲೆ, ಒಲೆಯ ಮೇಲೆ ಕಲ್ಲಿನ ರಾಶಿ, ಹಬೆಯಲ್ಲಿ ಬೆವರುತ್ತ ಕೂರಲು ಮೆಟ್ಟಿಲಿನ ಹಾಗೆ ಎರಡು ಮರದ ಜಗಲಿ. ಇದರಲ್ಲಿ ದೊಡ್ಡ ಕೆಲಸವೇನೂ ಇಲ್ಲ. ಇಲ್ಪೊ ಐದು ಬೇಸಿಗೆಯೂ ಮುಂದಿನ ಬೇಸಿಗೆ ಎಂದ.

ಅವಳು ಹೋದ ಮೇಲೆ ಮನೆಯಲ್ಲಿ ಮಾತು ಸತ್ತಿತು. ಮಗಳು ವೆನ್ಲಾಗೆ ಹದಿನೇಳು. ತಾಯಿಯ ಶವಸಂಸ್ಕಾರದ ದಿನ ಅವಳು ಕೋಣೆಯ ಬಾಗಿಲು ಹಾಕಿಕೊಂಡು ಒಳಗೇ ಕೂತಳು, ಇಗರ್ಜಿಗೆ ಬರಲೇ ಇಲ್ಲ. ಅವತ್ತಿನಿಂದ ಅಪ್ಪನ ಎದುರು ಹೂಂ, ಊಹೂಂ ಬಿಟ್ಟು ಬೇರೆ ಮಾತಿಲ್ಲ. ಹದಿನಾಲ್ಕರ ಎಲ್ಮೆರಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಊಟದ ಮೇಜಿಗೂ ಹಾಗೇ ಬರುತ್ತಿದ್ದ. ಇಲ್ಪೊಗೆ ಬೇಕಾಗಿದ್ದದ್ದು ಎರಡೇ. ಮಕ್ಕಳು ತನ್ನೊಡನೆ ಮಾತಾಡಬೇಕು, ಸಿರ್ಕು ವಾಪಸು ಬರಬೇಕು. ಎರಡನೆಯದು ಆಗದ ಮಾತೆಂದು ಗೊತ್ತಿತ್ತು, ಆದ್ದರಿಂದ ಮೊದಲನೆಯದಕ್ಕಾಗಿ ಜುಲೈ ತಿಂಗಳ ಒಂದು ಬೆಳಗ್ಗೆ ಸುತ್ತಿಗೆ ಕೈಗೆತ್ತಿಕೊಂಡ.

ಹಳೆಯ ಜಗಲಿ ಕಿತ್ತುಹಾಕುವ ಕೆಲಸದಲ್ಲಿ ಎಲ್ಮೆರಿಗೆ ಉತ್ಸಾಹ ಬಂತು. ಯಾವ ಹುಡುಗನಿಗೆ ತಾನೆ ಮುರಿಯುವ ಕೆಲಸ ಬೇಡ? ಸಲಾಕೆ ಹಾಕಿ ಮೀಟಿ ಒಂದೇ ಗಂಟೆಯಲ್ಲಿ ಸೌನಾವನ್ನು ಬೋಳು ಮಾಡಿದ. ವೆನ್ಲಾ ಮಾತಿಲ್ಲದೆ ಮೊಳೆ ಆಯ್ದು ಡಬ್ಬಿಗೆ ಹಾಕಿದಳು. ಆಸ್ಪೆನ್ ಮರದ ಬಿಳಿ ಹಲಗೆಗಳು ಸಾಮಿಲ್ಲಿನಿಂದ ಲೆಕ್ಕಕ್ಕೆ ಸರಿಯಾಗಿ ಬಂದಿದ್ದವು. ಇಲ್ಪೊ ಲೆಕ್ಕ ಕೆಡಿಸಿದ. ಅಳತೆ ಟೇಪಿನ ಮೂತಿ ಮುರಿದಿದ್ದರಿಂದ ಹತ್ತು ಸೆಂಟಿಮೀಟರಿನ ಗೆರೆಯಿಂದ ಅಳೆದ, ಕೊಯ್ಯುವಾಗ ಆ ಹತ್ತನ್ನು ಸೇರಿಸಲು ಮರೆತ. ಮೇಲಿನ ಜಗಲಿಯ ಎಲ್ಲಕ್ಕಿಂತ ಅಗಲದ ಹಲಗೆ ಅರ್ಧ ಗೇಣು ಗಿಡ್ಡವಾಯಿತು.

"ಅಮ್ಮ ಇದ್ದಿದ್ರೆ ಈಗ ಏನಂತಿದ್ಲು ಗೊತ್ತಾ?" ಎಂದ ಎಲ್ಮೆರಿ.

ಇಲ್ಪೊಗೆ ಗೊತ್ತಿತ್ತು. ಜುಲೈಯಲ್ಲಿ ದೇಶಕ್ಕೆ ದೇಶವೇ ರಜೆ ಹಾಕಿ ಸರೋವರದ ದಂಡೆಯಲ್ಲಿ ಮಲಗಿರುತ್ತದೆ, ಸಾಮಿಲ್ಲಿಗೂ ಬೀಗ. ಇದೂ ಅರ್ಧಕ್ಕೆ ನಿಂತಿತು ಎಂದು ಅವನು ಸುತ್ತಿಗೆ ಕೆಳಗಿಡುವಷ್ಟರಲ್ಲಿ ವೆನ್ಲಾ ಬಾಯಿಬಿಟ್ಟಳು.

"ನನ್ನ ಹತ್ರ ಒಂದಿದೆ, ಅಪ್ಪ. ತರ್ತೀನಿ."

ತಿಂಗಳುಗಳ ನಂತರ ಅವಳ ಬಾಯಲ್ಲಿ ಅಪ್ಪ ಎಂಬ ಶಬ್ದ ಕೇಳಿ ಇಲ್ಪೊ ಮಗಳ ಮುಖವನ್ನೇ ನೋಡುತ್ತ ನಿಂತ. ಹಾಗಾಗಿ ಅವಳು ತಂದ ಹಲಗೆಯನ್ನು ಅವನು ಸರಿಯಾಗಿ ನೋಡಲೇ ಇಲ್ಲ. ಹಳೆಯ ಪೈನ್ ಹಲಗೆ, ಎರಡು ಗೇಣು ಅಗಲ, ಬಿಸಿಲು ಮಳೆಗೆ ಬೂದಿ ಬಣ್ಣಕ್ಕೆ ತಿರುಗಿತ್ತು. ಎಲ್ಲಿಂದ ತಂದೆ ಎಂದು ಕೇಳಿದ್ದಕ್ಕೆ ಕಣಜದಿಂದ ಎಂದಳು. ಅಂಗಳ ದಾಟಿ ರಸ್ತೆಗೆ ತಿರುಗುವ ಮೂಲೆಯಲ್ಲಿ ಸಿರ್ಕುವಿನ ತಾತ ಮುತ್ತಾತಂದಿರ ಕಾಲದ ದಿಮ್ಮಿ ಗೋಡೆಯ ಕಣಜವಿತ್ತು, ಅದರ ತುಂಬ ಇಂಥ ಹಾಳುಮೂಳು ಬೇಕಾದಷ್ಟು. ಸೌನಾದಲ್ಲಿ ತಿರುಪು ಮೊಳೆಯನ್ನು ಅಡಿಯಿಂದ ಹಾಕಬೇಕು, ಇಲ್ಲದಿದ್ದರೆ ಕಾದ ಮೊಳೆತಲೆ ಕೂತವರ ತೊಡೆ ಸುಡುತ್ತದೆ. ಜಗಲಿಯ ಅಡಿಗೆ ನಾನೇ ನುಗ್ಗುತ್ತೇನೆಂದು ವೆನ್ಲಾ ಹಟ ಹಿಡಿದಳು. ಮುಗಿಸಿ ಹೊರಬಂದಾಗ ಅವಳ ಕೂದಲ ತುಂಬ ಮರದ ಪುಡಿ, ಮುಖದ ಮೇಲೆ ಒಂದು ಬಗೆಯ ಕಳೆ. ಕೆಲಸದ ಸಂತೋಷ ಎಂದುಕೊಂಡ ಇಲ್ಪೊ.

ಆ ಶನಿವಾರ ಹೊಸ ಜಗಲಿಯ ಮೇಲೆ ಮೊದಲ ಸಲ ಕೂತರು. ಕೊನೆಗೆ ಹೊರಬರುವವರು ಕಲ್ಲಿನ ಮೇಲೆ ಒಂದು ಸೌಟು ನೀರೆರಚಿ ಬಾಗಿಲೆಳೆದುಕೊಳ್ಳಬೇಕು, ಅದು ಕಣ್ಣಿಗೆ ಕಾಣದವರ ಪಾಲು. ಇಲ್ಪೊ ಅದನ್ನು ನಂಬುತ್ತಿರಲಿಲ್ಲ, ಬಿಡುತ್ತಲೂ ಇರಲಿಲ್ಲ. ಮೂವರೂ ಮೈಮೇಲೆ ಟವೆಲು ಹೊದ್ದು ಮುಂಗಟ್ಟೆಯಲ್ಲಿ ಕೂತು, ಸಾಸಿವೆ ಹಚ್ಚಿದ ಬಿಸಿ ಸಾಸೇಜು ತಿನ್ನುತ್ತಿದ್ದರು. ಸಂಜೆಯಾದರೂ ಬಿಸಿಲು ಇಳಿದಿರಲಿಲ್ಲ, ನೀರು ಅಲುಗದೆ ನಿಂತಿತ್ತು.

ಮುಚ್ಚಿದ ಬಾಗಿಲ ಹಿಂದೆ ಕಲ್ಲು ಚುಂಯ್ ಎಂದಿತು. ತಕ್ಷಣ ಇನ್ನೊಂದು. ಅದರ ಬೆನ್ನಿಗೇ ಮತ್ತೊಂದು. ಒಂದರ ಹಬೆ ಏಳುವ ಮೊದಲೇ ಇನ್ನೊಂದು ಸೌಟು, ಹೀಗೆ ಅವಸರದಲ್ಲಿ ಮೂರು ಸಲ ಎರಚುವವಳು ಆ ಮನೆಯಲ್ಲಿ ಒಬ್ಬಳೇ ಇದ್ದಳು.

ಎಲ್ಮೆರಿಯ ಸಾಸೇಜು ಬಾಯಿಯ ಹತ್ತಿರವೇ ನಿಂತಿತು. ಇಲ್ಪೊ ಎದ್ದು ಹೋಗಿ ಬಾಗಿಲು ತೆರೆದ. ಒಳಗೆ ಯಾರೂ ಇರಲಿಲ್ಲ. ಬಕೆಟ್ಟಿನಲ್ಲಿ ಇಟ್ಟಿದ್ದ ಸೌಟು ಜಗಲಿಯ ಮೇಲೆ ಕೂತಿತ್ತು, ಹಿಡಿ ಒದ್ದೆ. ಪೈನ್ ಮರದ ಡಾಂಬರಿನಿಂದ ಮಾಡುವ ಟಾರು ಸೋಪಿನ ವಾಸನೆ ಬಂತು. ಸಿರ್ಕು ಹೋದ ಮೇಲೆ ಆ ಮನೆಗೆ ಟಾರು ಸೋಪು ಯಾರೂ ತಂದಿರಲಿಲ್ಲ. ಅವನಿಗೆ ಹೆದರಿಕೆಯಾಗಲಿಲ್ಲ. ಎದೆಯಲ್ಲಿ ಒಂದೂಕಾಲು ವರ್ಷದಿಂದ ಕೂತಿದ್ದ ಭಾರ ಒಮ್ಮೆಗೇ ಜರುಗಿ, ನಿಂತಲ್ಲೇ ಅಳು ಬಂತು.

ಹೊರಗೆ ಬಂದು ಕಲ್ಲು ಸಿಡಿಯಿತು ಅಷ್ಟೇ ಎಂದ. ವೆನ್ಲಾ ಮಾತ್ರ ನಗುತ್ತಿದ್ದಳು.

ಆಮೇಲಿನ ಎರಡು ವಾರ ಆ ಮನೆಗೆ ಹಬ್ಬ. ಒಂದು ದಿನ ಬಿಟ್ಟು ಒಂದು ದಿನ ಸೌನಾ ಹಚ್ಚಿದರು. ವೆನ್ಲಾ ಊಟದ ಹೊತ್ತಿಗೆ ಮಾತಾಡಿದಳು, ತಮ್ಮನ ಕಿವಿಯ ತಂತಿ ಕಿತ್ತು ಸೂಪಿನ ಬಟ್ಟಲಲ್ಲಿ ಅದ್ದುತ್ತೇನೆಂದು ಹೆದರಿಸಿದಳು, ಅಮ್ಮನ ಹೆಸರನ್ನು ಇಷ್ಟು ದಿನದ ಮೇಲೆ ಬಾಯಿಬಿಟ್ಟು ಹೇಳಿದಳು. ಪ್ರತಿಸಲವೂ ಅವರು ಹೊರಬಂದ ಮೇಲೆ ಮೂರು ಸೌಟಿನ ಸದ್ದು. ಸತ್ತವಳು ಬಂದುಹೋಗುತ್ತಾಳೆಂದು ಯಾರೂ ಆಡಲಿಲ್ಲ. ಆಡಿದರೆ ಎಲ್ಲಿ ನಿಂತುಹೋಗುತ್ತದೋ ಎಂಬ ಭಯ ಅಪ್ಪನಿಗೂ ಇತ್ತು, ಮಗಳಿಗೂ ಇತ್ತು.

ಆದರೆ ಸದ್ದು ಮೂರಕ್ಕೆ ನಿಲ್ಲಲಿಲ್ಲ. ಒಂದು ಸಂಜೆ ಮೂರರ ನಂತರ ನಾಲ್ಕನೆಯದು ಕೇಳಿತು, ಮೆಲ್ಲಗೆ, ವಯಸ್ಸಾದ ಕೈಯಿಂದ ಬಿದ್ದ ಹಾಗೆ. ಮರುಸಲ ಮುಂಗಟ್ಟೆಯ ಹಲಗೆಯ ಮೇಲೆ ಒದ್ದೆ ಹೆಜ್ಜೆಗಳಿದ್ದವು. ಅಂಗೈಯಷ್ಟೇ ಉದ್ದದ ಮಗುವಿನ ಹೆಜ್ಜೆ ಒಂದು ಜೊತೆ. ಅದರ ಪಕ್ಕದಲ್ಲಿ ಒಂದು ಬೆರಳಿಲ್ಲದ ಹೆಜ್ಜೆ. ಹೊಸ ಜಗಲಿ ಖಾಲಿಯಿದ್ದಾಗಲೂ ನರಳತೊಡಗಿತು, ಹೊರೆ ಹೆಚ್ಚಾದ ಗಾಡಿಯ ಹಾಗೆ. ಕೊನೆಗೆ ಒಂದು ಸದ್ದು ಬಂದು ಸೇರಿಕೊಂಡಿತು. ಅದು ಸೌಟಿನದಲ್ಲ. ಯಾರೋ ಇಡೀ ಬಕೆಟ್ಟನ್ನು ಎತ್ತಿ, ಒಂದು ಚೂರೂ ಅವಸರವಿಲ್ಲದೆ, ಕೊನೆಯ ಹನಿಯವರೆಗೂ ಸುರಿಯುತ್ತಿದ್ದರು. ಕಲ್ಲು ಬಹಳ ಹೊತ್ತು ಬುಸುಗುಡುತ್ತಿತ್ತು. ಒಮ್ಮೆ ಒಲೆ ಹಚ್ಚದ ದಿನವೂ ಹಾಗೇ ಬುಸುಗುಟ್ಟಿತು. ಇಲ್ಪೊ ಹೋಗಿ ಮುಟ್ಟಿದರೆ ಕಲ್ಲು ತಣ್ಣಗಿತ್ತು, ಹಳಸಿದ ಹೊಗೆಸೊಪ್ಪಿನ ನಾತ ಬರುತ್ತಿತ್ತು.

ಎರಡನೆಯ ವಾರದ ಕೊನೆಗೆ ಎಲ್ಮೆರಿ ಒಳಗಿಂದ ಬರಿಮೈಯಲ್ಲಿ ಓಡಿಬಂದ. ಮೇಲಿನ ಜಗಲಿಯಿಂದ ಇಳಿಬಿಟ್ಟ ಕಾಲನ್ನು ಅಡಿಯಿಂದ ಯಾರೋ ಹಿಡಿದುಕೊಂಡರು ಎಂದ. ಹಿಮ್ಮಡಿಯ ಮೇಲೆ ಕೆಂಪಗೆ ನಾಲ್ಕು ಬೆರಳು, ಒಂದು ಹೆಬ್ಬೆರಳು. ಒಲೆಯ ಅಂಚು ತಾಗಿರಬೇಕು ಎಂದು ಇಲ್ಪೊ ಹೇಳಿ ಬೆಣ್ಣೆ ಹಚ್ಚಿದ. ಹೇಳುವಾಗಲೇ ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು. ಸಿರ್ಕುವಿನ ಮೂರು ಸೌಟಿನ ಆಸೆಗೆ ಅವನು ಮಗನ ಕಾಲಿನ ಗುರುತನ್ನೂ ನುಂಗಿಕೊಂಡ. ಎಲ್ಮೆರಿ ಮಾತ್ರ ಮತ್ತೆ ಸೌನಾದ ಹತ್ತಿರ ಸುಳಿಯಲಿಲ್ಲ.

ಸೋಮವಾರ ಪಕ್ಕದ ಹೊಲದ ಹಿಲ್ಯಾ ಅಜ್ಜಿ ಏಲಕ್ಕಿ ಬನ್ನಿನ ಪೊಟ್ಟಣ ಹಿಡಿದು ಬಂದಳು. ಸಾವೊ ಜನ ವಿಷಯಕ್ಕೆ ನೇರವಾಗಿ ಬರುವವರಲ್ಲ. ಎರಡು ಕಪ್ಪು ಕಾಫಿ ಮುಗಿಯುವವರೆಗೆ ಮಳೆ, ಸೊಳ್ಳೆ, ಮೊಮ್ಮಗನ ಹಲ್ಲು ಎಲ್ಲ ಆಯಿತು. ಮೂರನೆಯ ಕಪ್ಪಿಗೆ, ಕಣಜದ ಗೋಡೆ ಯಾಕೋ ಬರಿದಾಗಿ ಕಂಡಿತು, ತನ್ನ ಕಣ್ಣೇ ಮಂಜಾಯಿತೋ ಏನೋ ಎಂದಳು.

ಇಲ್ಪೊಗೆ ಅರ್ಥವಾಗಲಿಲ್ಲ. ವೆನ್ಲಾ ತಲೆ ತಗ್ಗಿಸಿದಳು. ಅಜ್ಜಿ ಅವಳ ನೆತ್ತಿಯನ್ನೇ ನೋಡುತ್ತ ಕಪ್ಪು ಕೆಳಗಿಟ್ಟಳು.

"ಮಣ್ಣಾದೋರಿಗೆ ಒಂದೊಂದ್ಸಲ ಮನೆ ನೆನಪಾಗುತ್ತಪ್ಪ, ಎದ್ದು ಬರ್ತಾರೆ," ಎಂದಳು ಇಲ್ಪೊಗೆ. "ಕಣಜದ ಹತ್ರ ಬಂದಾಗ ಆ ಹಲಗೇಲಿ ತಮ್ಮ ಹೆಸರು, ಸತ್ತ ಇಸವಿ ಕಾಣುತ್ತೆ. ಓ, ನಾನು ಹೋಗಿಯಾಯ್ತಲ್ಲ ಅಂತ ತಿರುಗಿ ಹೋಗ್ತಾರೆ. ನೀನು ಹೊರಗಿನೋನು, ನಿಂಗೆ ಯಾರೂ ಹೇಳಿರ್ಲಿಕ್ಕಿಲ್ಲ."

ಯಾರೂ ಹೇಳಿರಲಿಲ್ಲ. ಇಪ್ಪತ್ತು ವರ್ಷ ಆ ಗೋಡೆಯ ಮುಂದೆ ಕಾರು ತಿರುಗಿಸಿದ್ದರೂ ಅಲ್ಲಿ ತೂಗುಹಾಕಿದ್ದ ಹಲಗೆಯ ಮೇಲೆ ಏನಿದೆಯೆಂದು ಅವನು ಓದಿರಲಿಲ್ಲ. ವೆನ್ಲಾಗೆ ಗೊತ್ತಿತ್ತು. ಶವಸಂಸ್ಕಾರದ ಮಾರನೆಯ ದಿನ ಸಿರ್ಕುವಿನ ತಂದೆ ಆ ಹಲಗೆಯಲ್ಲಿ ಮಗಳ ಹೆಸರು ಕೆತ್ತುವಾಗ ಮೊಮ್ಮಗಳು ಪಕ್ಕದಲ್ಲೇ ಕೂತಿದ್ದಳು. ಮುದುಕ ಈಗ ಪಟ್ಟಣದ ಆರೈಕೆ ಮನೆಯಲ್ಲಿ ತನ್ನ ಹೆಸರನ್ನೇ ಮರೆತಿದ್ದಾನೆ, ಅವತ್ತು ಮಾತ್ರ ಎಲ್ಲ ಬಿಡಿಸಿ ಹೇಳಿದ್ದ.

"ಆಸ್ಪತ್ರೆಯಿಂದ ಅಮ್ಮ ಫೋನ್ ಮಾಡಿದ್ಲು, ಒಂದ್ಸಲ ಬಂದು ಹೋಗು ಅಂತ," ಎಂದಳು ವೆನ್ಲಾ, ಅಪ್ಪನ ಕಡೆ ನೋಡದೆ. "ಪರೀಕ್ಷೆ ಇದೆ ಅಂದೆ. ಇರ್ಲಿಲ್ಲ. ಅವಳನ್ನ ಹಾಗೆ ನೋಡೋಕೆ ನಂಗೆ ಹೆದರಿಕೆ ಆಗಿತ್ತು. ಅದನ್ನ ಅವಳಿಗೆ ಹೇಳ್ಬೇಕಿತ್ತು, ಅಷ್ಟೇ."

ಇಲ್ಪೊ ಕೈ ಚಾಚಿ ಮಗಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ. ಅಜ್ಜಿ ಮುಖ ತಿರುಗಿಸಿ ಕಿಟಕಿಯಾಚೆ ನೋಡಿದಳು. ಬಳಿಕ, ಹಲಗೆಯ ಮೇಲೆ ಇರುವುದು ಸಿರ್ಕು ಒಬ್ಬಳೇ ಅಲ್ಲ, ಹನ್ನೆರಡು ಜನ, ಕಿತ್ತರೆ ಹನ್ನೆರಡು ಜನಕ್ಕೂ ದಾರಿ ತೆರೆದ ಹಾಗೆ ಎಂದಳು. ಅದರಲ್ಲಿ ಮೊದಲನೆಯ ಹೆಸರು ಯಾರದೆಂದು ಎಲ್ಮೆರಿ ಬಾಗಿಲ ಹತ್ತಿರದಿಂದ ಕೇಳಿದ. ಅವನು ಇಳಿಬಿಟ್ಟ ಕಾಲುಚೀಲ ಮೇಲೆಳೆದುಕೊಳ್ಳುತ್ತಿದ್ದ.

"ಸಿರ್ಕು ಮುತ್ತಜ್ಜಿಯ ಗಂಡ," ಎಂದಳು ಅಜ್ಜಿ. "ಹೂತ ಮೇಲೂ ಮೂರು ಚಳಿಗಾಲ ಸೌನಾಕ್ಕೆ ಬಂದ್ನಂತೆ. ಆ ಹಲಗೆ ಮಾಡಿಸಿದ್ದೇ ಅವನಿಗೋಸ್ಕರ. ಹೆಸರು ಇದ್ರೆ ಕರೆದಂಗಾಗುತ್ತೆ ಅಂತ ಆಯಮ್ಮ ಉಳಿ ತಗೊಂಡು ಅದನ್ನ ಕೆರೆದುಬಿಟ್ಲು, ತಡೆಯೋಕೆ ಅಷ್ಟು ಸಾಕು ಅಂತ ಇಸವಿ ಮಾತ್ರ ಬಿಟ್ಲು. ಉಳಿದೋರನ್ನ ಆಮೇಲೆ ಸೇರಿಸಿದ್ದು, ಹಲಗೆ ಹೇಗೂ ಇದೆಯಲ್ಲ ಅಂತ."

ಅವನು ಏನು ಮಾಡಿದ್ದ ಎಂದು ಎಲ್ಮೆರಿ ಮತ್ತೆ ಕೇಳಿದ. ಅಜ್ಜಿ ಬನ್ನಿನ ಮೇಲಿನ ಸಕ್ಕರೆ ಬೆರಳಿನಿಂದ ಒರೆಸಿ, ಈ ಸಲ ಏಲಕ್ಕಿ ಜಾಸ್ತಿಯಾಯಿತು ಎಂದಳು.

ಹೊರಡುವ ಮೊದಲು ಮಾಡಬೇಕಾದ್ದನ್ನು ಹೇಳಿಕೊಟ್ಟಳು. ಹಲಗೆಯನ್ನು ಈಗ ಸುಮ್ಮನೆ ವಾಪಸು ಹೊಡೆದರೆ ಒಳಗಿರುವವರು ಒಳಗೇ ಉಳಿಯುತ್ತಾರೆ, ಹೊರಗೆ ಹೋಗುವ ದಾರಿಗೂ ಅದೇ ಅಡ್ಡ. ಮೊದಲು ಅವರನ್ನು ಹೊರಡಿಸಬೇಕು, ಶವಯಾತ್ರೆಯಲ್ಲಿ ಹೋದ ಹಾಗೇ. ಒಬ್ಬರು ಸೌನಾದ ಬಾಗಿಲು ತೆಗೆಯಬೇಕು. ಒಬ್ಬರು ಮುಂದೆ ಇಗರ್ಜಿಯ ಸ್ಮಶಾನದ ಮಣ್ಣಿನ ತನಕ ನಡೆಯಬೇಕು, ಹಿಂದೆ ನೋಡಬಾರದು. ಒಬ್ಬರು ಕಣಜದ ಹತ್ತಿರ ನಿಂತು, ಕೊನೆಯವರು ದಾಟಿದ ಮೇಲೆ ಮೊಳೆ ಹೊಡೆಯಬೇಕು.

"ದಾಟಿದ ಮೇಲೆ," ಎಂದು ಬಾಗಿಲಲ್ಲಿ ನಿಂತು ಇನ್ನೊಂದು ಸಲ ಹೇಳಿದಳು.

ಯಾರು ಮುಂದೆ ನಡೆಯುವುದೆಂದು ಚರ್ಚೆಯಾಗಲಿಲ್ಲ. ನಾನು ಅವತ್ತು ಬರಲಿಲ್ಲ, ಇವತ್ತು ಹೋಗುತ್ತೇನೆ ಎಂದಳು ವೆನ್ಲಾ. ಅಷ್ಟು ಹೇಳುವುದಕ್ಕೆ ಅವಳಿಗೆ ಎಷ್ಟು ಕಷ್ಟವಾಯಿತೆಂದು ಇಲ್ಪೊ ಕಂಡ. ಸಿರ್ಕುವನ್ನು ಕಳಿಸಿಕೊಡುವುದು ಅವನಿಗೆ ಅದಕ್ಕಿಂತ ಕಷ್ಟವಾಗಿತ್ತು.

ಮಾರನೆಯ ಬೆಳಗ್ಗೆ ಹತ್ತು ಗಂಟೆಗೆ ಸೌನಾದ ಜಗಲಿಯಿಂದ ಹಲಗೆ ಬಿಚ್ಚಿದರು. ಬಿಸಿಲಲ್ಲಿ ತಿರುಗಿಸಿ ಇಟ್ಟಾಗ ಮೂವರೂ ಮೊದಲ ಸಲ ಒಟ್ಟಿಗೆ ಓದಿದರು. ಮೇಲ್ಗಡೆ ಉಳಿಯಿಂದ ಕೆರೆದ ಗುಳಿ, ಅದರ ಪಕ್ಕ ಒಂದು ಇಸವಿ. ಕೆಳಗೆ ಸಾಲಾಗಿ ಅಕ್ಷರಗಳು, ಒಂದಕ್ಕಂತೂ ಹುಟ್ಟಿದ್ದೂ ಸತ್ತದ್ದೂ ಒಂದೇ ವರ್ಷ. ಎಲ್ಲಕ್ಕಿಂತ ಕೆಳಗೆ, ಮರ ಇನ್ನೂ ಹಳದಿಯಾಗಿದ್ದಲ್ಲಿ, ಸಿರ್ಕುವಿನದು. ಇಲ್ಪೊ ಹೆಬ್ಬೆರಳಿನಿಂದ ಅದನ್ನು ಒಂದು ಸಲ ಸವರಿದ.

ಎಲ್ಮೆರಿ ಸೌನಾದ ಬಾಗಿಲು ತೆಗೆದು, ಸೈಕಲ್ಲು ಹತ್ತಿ ಅಡ್ಡದಾರಿಯಲ್ಲಿ ಮುಂದೆ ಹೋಗಿ ಸ್ಮಶಾನದ ಗೇಟಿನ ಹತ್ತಿರ ಕಾಯಬೇಕೆಂದು ಮಾತಾಗಿತ್ತು. ಇಲ್ಪೊ ಹಲಗೆಯ ಒಂದು ತುದಿಯನ್ನು ಕಣಜದ ಗೋಡೆಗೆ ಒಂದೇ ಮೊಳೆಯಲ್ಲಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ಕೆಳಗೆ ಇಳಿಬಿಟ್ಟು ನಿಂತ. ಎತ್ತಿ ಸಮ ಮಾಡಿ ಎರಡನೆಯ ಮೊಳೆ ಹೊಡೆದರೆ ದಾರಿ ಮುಚ್ಚಿತು. ಅವನ ಒಂದು ಕೈಯಲ್ಲಿ ಸುತ್ತಿಗೆ, ಬಾಯಲ್ಲಿ ಮೊಳೆ. ಗಾಳಿಯಿರಲಿಲ್ಲ. ದಾರಿಯ ಜಲ್ಲಿ ಒಣಗಿ ಬೆಳ್ಳಗಿತ್ತು.

ವೆನ್ಲಾ ಅಮ್ಮನ ನೀಲಿ ಸ್ವೆಟರು ತೊಟ್ಟು ಬಂದಳು. ನೆಟ್ಟ ನೋಟ, ಬಿಗಿಹಿಡಿದ ಮುಷ್ಟಿ. ಅಪ್ಪನನ್ನು ದಾಟುವಾಗ ತುಟಿ ಅಲುಗಿತು, ಆದರೆ ತಿರುಗಲಿಲ್ಲ. ಅವಳ ಹಿಂದೆ ಒಣ ಜಲ್ಲಿಯ ಮೇಲೆ ಒದ್ದೆ ಹೆಜ್ಜೆಗಳು ಒಂದೊಂದಾಗಿ ಮೂಡಿದವು. ಮೊದಲನೆಯ ಜೊತೆ ಎಷ್ಟು ಅವಸರದಲ್ಲಿತ್ತೆಂದರೆ ವೆನ್ಲಾಳ ಹಿಮ್ಮಡಿಯನ್ನೇ ತುಳಿಯುವಂತಿತ್ತು. ಇಲ್ಪೊ ಒಂದು ಎಂದು ಎಣಿಸಿದ. ಆಮೇಲೆ ಮಗುವಿನದು, ಅದರ ಪಕ್ಕದಲ್ಲೇ ಬೆರಳಿಲ್ಲದ್ದು. ನಾಲ್ಕು, ಐದು. ಪ್ರತಿಯೊಂದು ದಾಟುವಾಗಲೂ ಅವನ ಮುಖಕ್ಕೆ ಸೌನಾದ ಬಿಸಿ ಬಡಿಯುತ್ತಿತ್ತು, ಪ್ರತಿಸಲವೂ ಇದೇ ಅವಳಿರಬಹುದೆಂದು ಅವನು ಮುಂದಕ್ಕೆ ಬಾಗಿ ನೋಡುತ್ತಿದ್ದ. ಹತ್ತು. ಹನ್ನೊಂದು. ಹನ್ನೊಂದನೆಯ ಹೆಜ್ಜೆ ತಿರುವು ದಾಟಿ ಮಗಳ ಹಿಂದೆ ಹೋಯಿತು.

ಹನ್ನೆರಡನೆಯದು ಬಂತು, ಕಣಜಕ್ಕೆ ಮೂರು ಮಾರು ದೂರದಲ್ಲಿ ನಿಂತಿತು.

ಜಲ್ಲಿಯ ಪಕ್ಕದ ಹುಲ್ಲು ಯಾರೋ ತುಳಿದು ನಿಂತ ಹಾಗೆ ಬಾಗಿತ್ತು. ಬಾಗಿದ್ದು ಏಳಲಿಲ್ಲ, ಮುಂದಕ್ಕೂ ಸಾಗಲಿಲ್ಲ. ಇಲ್ಪೊ ಬಾಯಿಂದ ಮೊಳೆ ತೆಗೆದು ಸಿರ್ಕು ಎಂದು ಕರೆದ. ಹುಲ್ಲು ಅಲುಗಲಿಲ್ಲ. ಹೋಗಲು ಮನಸ್ಸಿಲ್ಲದೆ ಹೀಗೆ ಹೊಸ್ತಿಲಲ್ಲಿ ನಿಲ್ಲುವವರು ಇನ್ಯಾರಿರುತ್ತಾರೆ? ಉಳಿದವರಿಗೆ ಈ ಮನೆಯಲ್ಲಿ ಯಾರಿದ್ದಾರೆ? ಅವಳಿಗೆ ತಾನಿದ್ದೇನೆ. ಅವಳೂ ಹೋಗಲೊಲ್ಲಳು, ತಾನೂ ಕಳಿಸಲೊಲ್ಲೆ, ಮತ್ತೆ ಇದರಲ್ಲಿ ತಪ್ಪೇನು? ಮಗಳಿಗೆ ಹೇಳಬೇಕಾದ್ದು ಹೇಳಿಯಾಗುತ್ತದೆ, ಅವಳ ಮನಸ್ಸು ಹಗುರಾಗುತ್ತದೆ. ಅಮ್ಮ ಹೋದಳೆಂದು ಅವಳು ನಂಬಿಕೊಂಡಿರಲಿ. ತನಗೆ ವಾರಕ್ಕೆ ಮೂರು ಸೌಟಿನ ಸದ್ದು ಸಾಕು. ಇಪ್ಪತ್ತು ವರ್ಷ ಅವಳನ್ನು ಕಾಯಿಸಿದ್ದಾಯಿತು, ಈಗ ಅವಳೇ ಕಾಯುತ್ತ ನಿಂತಿದ್ದಾಳೆ ಎಂದು ಆ ಬಡಪಾಯಿಗೆ ಅನ್ನಿಸಿತು.

ಹಲಗೆ ಎತ್ತಿ ಸಮ ಮಾಡಿ ಮೊಳೆ ಹೊಡೆದ. ನಾಲ್ಕು ಏಟು. ಕಣ್ಣು ತುಂಬಿ ಬಂದಿದ್ದರಿಂದ ಕಡೆಯ ಏಟು ಹೆಬ್ಬೆರಳಿಗೆ ಬಿತ್ತು. ಒರೆಸಿಕೊಂಡು ನೋಡುವಾಗ ಒದ್ದೆ ಹೆಜ್ಜೆಗಳು ತಿರುಗಿ ದಡದ ಕಡೆ ಇಳಿಯುತ್ತಿದ್ದವು, ನಿಧಾನವಾಗಿ, ಒಂದು ಹೆಜ್ಜೆಗೂ ಇನ್ನೊಂದು ಹೆಜ್ಜೆಗೂ ನಡುವೆ ದೊಡ್ಡ ಅಂತರ ಬಿಟ್ಟು. ಅವನು ಅದನ್ನು ಕಂಡ, ಆದರೆ ಆ ಸಂತೋಷದಲ್ಲಿ ಅದರ ಬಗ್ಗೆ ಯೋಚನೆ ಮಾಡಲಿಲ್ಲ.

ಮಕ್ಕಳು ಮಧ್ಯಾಹ್ನಕ್ಕೆ ಬಂದರು, ಎಲ್ಮೆರಿ ಸೈಕಲ್ಲು ತಳ್ಳುತ್ತ, ವೆನ್ಲಾ ಅವನ ಹೆಗಲ ಮೇಲೆ ಕೈಯಿಟ್ಟು. ಅವಳ ಮುಖ ಅತ್ತು ಅತ್ತು ಊದಿತ್ತು. ನೇರ ಬಂದವಳು ಅಪ್ಪನನ್ನು ಅಪ್ಪಿಕೊಂಡಳು, ಚಿಕ್ಕವಳಿದ್ದಾಗ ಅಪ್ಪಿಕೊಳ್ಳುತ್ತಿದ್ದ ಹಾಗೆ ಕುತ್ತಿಗೆಗೆ ಜೋತು. ಇದಕ್ಕಾಗಿಯೇ ತಾನೆ ಸುತ್ತಿಗೆ ಹಿಡಿದದ್ದು ಎಂದು ಇಲ್ಪೊಗೆ ನೆನಪಾಯಿತು. ಒಟ್ಟಿಗೇ ಎರಡೂ ಸಿಕ್ಕಿತೆಂದುಕೊಂಡ.

"ಎಲ್ಲ ಹೇಳಿದೆ ಅಪ್ಪ," ಎಂದಳು. "ಓಡ್ತಾ ಓಡ್ತಾ ಹೇಳ್ಬೇಕಾಯ್ತು. ಅಮ್ಮ ಹೇಗೆ ನಡೀತಾಳೆ ಗೊತ್ತಲ್ಲ, ತಿರುವಿನಿಂದಾಚೆ ನನ್ನನ್ನೂ ದಾಟಿ ಮುಂದೆ ಹೋದ್ಲು. ನಾನು ಅವಳ ಹೆಜ್ಜೆ ಹಿಂದೇನೇ ಓಡಿದೆ."

ಇಲ್ಪೊನ ತೋಳು ಮಗಳ ಬೆನ್ನಿನ ಮೇಲೆ ಇದ್ದಲ್ಲೇ ಇತ್ತು.

ಎಲ್ಮೆರಿ ನಕ್ಕ. ಸೌನಾದ ಬಾಗಿಲು ಪೂರ್ತಿ ತೆಗೆಯುವುದರೊಳಗೆ ಟಾರು ಸೋಪಿನ ವಾಸನೆ ತನ್ನನ್ನು ತಳ್ಳಿಕೊಂಡೇ ಹೊರಗೆ ಹೋಯಿತು, ಇನ್ನೊಂದು ಚೂರಿಗೆ ಬಿದ್ದುಬಿಡುತ್ತಿದ್ದೆ ಎಂದ. ಗೇಟಿನಲ್ಲೂ ಅಮ್ಮನೇ ಮೊದಲು. ಉಳಿದವರು ಒಬ್ಬೊಬ್ಬರೇ ಬಂದಾಗ ಗೇಟು ತಾನಾಗಿ ಅಲುಗುತ್ತಿತ್ತು, ತಾನು ಬೆರಳು ಮಡಚಿ ಎಣಿಸಿದೆ ಎಂದು ಹೇಳಿ ತಲೆ ಕೆರೆದುಕೊಂಡ.

"ಎಲ್ಲೋ ಎಣಿಕೆ ತಪ್ಪಿದೆ ಅನ್ಸುತ್ತೆ. ನಂಗೆ ಹನ್ನೊಂದೇ ಸಿಕ್ಕಿದ್ದು."

ದಡದ ಕಡೆಯಿಂದ ಸದ್ದು ಬಂತು. ಎರಡು ದಿನದಿಂದ ಬೆಂಕಿ ಕಾಣದ ಒಲೆಯ ಕಲ್ಲಿನ ಮೇಲೆ ಯಾರೋ ಇಡೀ ಬಕೆಟ್ಟು ನೀರನ್ನು ಸುರಿಯುತ್ತಿದ್ದರು, ಒಂದು ಚೂರೂ ಅವಸರವಿಲ್ಲದೆ, ಕೊನೆಯ ಹನಿಯವರೆಗೂ. ಎಲ್ಮೆರಿ ಬಗ್ಗಿ ಹಿಮ್ಮಡಿಯನ್ನು ಕೈಯಿಂದ ಮುಚ್ಚಿಕೊಂಡ.

ವೆನ್ಲಾ ಅಪ್ಪನ ಕುತ್ತಿಗೆಯಿಂದ ಕೈ ತೆಗೆದಳು. ಅವನ ಜಜ್ಜಿದ ಹೆಬ್ಬೆರಳನ್ನು ನೋಡಿದಳು, ಆಮೇಲೆ ಮುಖವನ್ನು.

"ಅಪ್ಪ, ಮೊಳೆ ಯಾವಾಗ ಹೊಡೆದೆ?"

ಅವನು ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ. ಅವಳು ತಮ್ಮನ ಕೈ ಹಿಡಿದುಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.